ಅಥಣಿಯ ಕೈ, ಕೊಲ್ಹಾಪುರದ ಹೆಸರು

ಮಿರಜದಿಂದ ಬೆಳಗಾವಿಯತ್ತ ಹೊರಟ ರೈಲು ಗಡಿ ದಾಟಿ ಕರ್ನಾಟಕದೊಳಗೆ ಬಂದೊಡನೆ ಸಿಗುವ ನಿಲ್ದಾಣ ಶೇಡಬಾಳ. ಕಾಗವಾಡ ತಾಲ್ಲೂಕಿನ ಈ ಊರಿನಲ್ಲಿ ಇಳಿದವರಿಗೆ ಮೊದಲು ಕಾಣುವುದು ಕಬ್ಬು, ಆಮೇಲೂ ಕಬ್ಬು. ಕಬ್ಬು ನುರಿಸುವ ಹಂಗಾಮಿನಲ್ಲಿ ಪಕ್ಕದ ಉಗಾರದ ಸಕ್ಕರೆ ಕಾರ್ಖಾನೆಯತ್ತ ಹೊರಟ ಟ್ರ್ಯಾಕ್ಟರುಗಳ ಸಾಲಿಗೆ ದಾರಿ ಬಿಟ್ಟು, ಉಳಿದವರು ರಸ್ತೆಯ ಅಂಚಿನಲ್ಲಿ ನಡೆಯಬೇಕು. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಕೃಷ್ಣೆ ಹರಿಯುತ್ತಾಳೆ. ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿದರೆ ಮರಾಠಿಯಲ್ಲಿ ಉತ್ತರ ಬರುತ್ತದೆ. ಮರಾಠಿಯಲ್ಲಿ ಕೇಳಿದರೆ ಕನ್ನಡದಲ್ಲಿ. ಇಲ್ಲಿಯವರಿಗೆ ಎರಡೂ ಮನೆಯ ಮಾತೇ.

ಶೇಡಬಾಳಕ್ಕೆ ದೇಶದ ಜೈನ ಸಮಾಜದಲ್ಲಿ ದೊಡ್ಡ ಹೆಸರಿದೆ. ಆಚಾರ್ಯ ವಿದ್ಯಾನಂದ ಮುನಿಗಳು ಹುಟ್ಟಿದ್ದು ಇಲ್ಲಿ, 1925ರ ಏಪ್ರಿಲ್ 22ರಂದು. 2019ರಲ್ಲಿ ದೇಹ ಬಿಟ್ಟ ಅವರು ದಿಗಂಬರ ಮುನಿಗಳ ನಿಯಮದಂತೆ ಬದುಕಿನುದ್ದಕ್ಕೂ ಬರಿಗಾಲಿನಲ್ಲಿ ನಡೆದರು. ಹಾಗೆ ನಡೆದೇ ಹಿಮಾಲಯವನ್ನೂ ಮುಟ್ಟಿದರು. ಅಂಥ ಬರಿಗಾಲಿನ ಮುನಿಯ ಊರಿನಿಂದ ಪೂರ್ವಕ್ಕೆ ಒಂದು ತಾಸಿಗೂ ಸ್ವಲ್ಪ ಮಿಕ್ಕ ಬಸ್ಸಿನ ದಾರಿಯಲ್ಲಿ, ಜಗತ್ತಿನ ಕಾಲಿಗೆ ಪಾದರಕ್ಷೆ ಮಾಡಿಕೊಡುವ ಅಥಣಿ ಇದೆ.

ಭೂಪಟ ಬಿಡಿಸಿ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಶೇಡಬಾಳದ ಪೂರ್ವಕ್ಕೆ ಅಥಣಿ. ಪಶ್ಚಿಮಕ್ಕೆ ಮಿರಜ, ಅದರಾಚೆ ಕೊಲ್ಹಾಪುರ. ಚಪ್ಪಲಿ ತಯಾರಾಗುವ ಊರು ಒಂದು ಕಡೆ, ಅದಕ್ಕೆ ಹೆಸರು ಕೊಟ್ಟ ಪೇಟೆ ಇನ್ನೊಂದು ಕಡೆ. ನಾವು ‘ಕೊಲ್ಹಾಪುರಿ’ ಎಂದು ಕರೆಯುವ ಚಪ್ಪಲಿಯಲ್ಲಿ ಎಷ್ಟೋ ಪಾಲು ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕಡೆ ಹುಟ್ಟಿ, ಪಶ್ಚಿಮಕ್ಕೆ ಸಾಗಿ, ಕೊಲ್ಹಾಪುರದ ಅಂಗಡಿಯಲ್ಲಿ ಹೆಸರು ಪಡೆಯುತ್ತದೆ. ಈ ದಾರಿಯಲ್ಲಿ ಊರಿನ ಹೆಸರು ಮಾತ್ರ ಕಳೆದುಹೋಗಿಲ್ಲ. ಅದನ್ನು ಹೆಣೆದ ಹೆಣ್ಣುಮಕ್ಕಳ ಹೆಸರೂ ಕಳೆದುಹೋಗಿದೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾನು ಅಥಣಿಗೆ ಹೋದದ್ದು ಚರ್ಮ ಹದ ಮಾಡುವ ರಸಾಯನವನ್ನು ವಿವರಿಸಲು. ಮರಳಿ ಬರುವಾಗ ಬಸ್ಸಿನಲ್ಲಿ ಮಕ್ಕಳು ಮಾತಾಡಿದ್ದು ಮಾತ್ರ ಈ ಎರಡನೆಯ ವಿಷಯವನ್ನು.

ಓಣಿಯಲ್ಲಿ ಒಂದು ಬೆಳಗು

ಅಥಣಿ ಎಂದರೆ ಹಲವರಿಗೆ ಶಿವಯೋಗಿಗಳ ಗಚ್ಚಿನಮಠ ನೆನಪಾಗುತ್ತದೆ. ಚಪ್ಪಲಿಯ ಅಥಣಿ ಇರುವುದು ಸಮಗಾರ ಕುಟುಂಬಗಳ ಓಣಿಗಳಲ್ಲಿ. ಇಲ್ಲಿ ಕಾರ್ಖಾನೆಯ ಕಟ್ಟಡ, ಹೊಗೆಯ ಕೊಳವೆ, ಪಾಳಿಯ ಗಂಟೆ ಯಾವುದೂ ಇಲ್ಲ. ಮನೆಯ ಪಡಸಾಲೆಯೇ ಕಾರ್ಖಾನೆ. ಒಂದು ಮೂಲೆಯಲ್ಲಿ ಕಲ್ಲಿನ ಮೇಲೆ ಚರ್ಮ ಬಡಿಯುವ ಸದ್ದು, ಇನ್ನೊಂದು ಮೂಲೆಯಲ್ಲಿ ಒಲೆಯ ಮೇಲೆ ರೊಟ್ಟಿ. ನಡುವೆ ಚಾಪೆಯ ಮೇಲೆ ಹಳದಿ, ಕಂದು, ಕೆಂಪು ಬಣ್ಣದ ಬಾರುಗಳ ರಾಶಿ.

ಕೆಲಸದ ಹಂಚಿಕೆ ಹಳೆಯದು. ಹಿಂದೆ ಚರ್ಮ ಹದ ಮಾಡುವುದು ಢೋರ ಸಮುದಾಯದವರ ಕಸುಬಾದರೆ, ಚಪ್ಪಲಿ ಕಟ್ಟುವುದು ಸಮಗಾರರ ಕಸುಬು. ಮನೆಯೊಳಗೂ ಒಂದು ಹಂಚಿಕೆ ಇದೆ. ರಂಪಿಗೆ ಹಿಡಿದು ಚರ್ಮ ಕತ್ತರಿಸುವುದು, ಅಟ್ಟೆಯ ಪದರ ಕೂಡಿಸಿ ಬಡಿಯುವುದು ಗಂಡಸರ ಪಾಲು. ತೆಳುವಾದ ಚರ್ಮವನ್ನು ಎಳೆ ಎಳೆಯಾಗಿ ಸೀಳುವುದು, ಆ ಎಳೆಗಳನ್ನು ಜಡೆ ಹೆಣೆದಂತೆ ಹೆಣೆಯುವುದು, ಪಟ್ಟಿಗೆ ಸಣ್ಣ ತೂತುಗಳ ಚಿತ್ತಾರ ಹಾಕುವುದು, ಚಪ್ಪಲಿಯ ಎರಡು ಬದಿಯ ‘ಕಿವಿ’ಗಳನ್ನೂ ಹೆಬ್ಬೆರಳಿನ ಉಂಗುಟವನ್ನೂ ಸಿಂಗರಿಸುವುದು ಬಹುಮಟ್ಟಿಗೆ ಹೆಂಗಸರ ಪಾಲು. ಅಟ್ಟೆ ನಡೆಯುವವನ ಭಾರ ಹೊರುತ್ತದೆ ನಿಜ. ಆದರೆ ಅಂಗಡಿಯ ಮುಂದೆ ಗಿರಾಕಿಯನ್ನು ನಿಲ್ಲಿಸುವುದು ಮೇಲಿನ ಹೆಣಿಗೆ.

ಹೊಸ್ತಿಲ ಹತ್ತಿರ ಬೆಳಕಿಗೆ ಮುಖ ಮಾಡಿ ಕುಳಿತಿದ್ದ ಒಬ್ಬ ತಾಯಿಯ ಬೆರಳುಗಳು ನಾವು ಬಂದರೂ ನಿಲ್ಲಲಿಲ್ಲ. ನಮ್ಮ ಹುಡುಗಿಯೊಬ್ಬಳು ಅವರ ಹತ್ತಿರ ಕುಳಿತು ಕೇಳಿದಳು: “ಅಮ್ಮಾ, ಇದನ್ನ ಕಲಿಯಾಕ ಎಷ್ಟ ದಿನಾ ಬೇಕಾತ್ರೀ?”

“ಕಲತದ್ದ ನೆನಪಿಲ್ಲವ್ವಾ. ಬುದ್ಧಿ ಬರೂದ್ರಾಗ ಕೈಯಾಗ ಬಾರ ಇತ್ತು.”

ಅವರ ಕೆಲಸದ ಬಗ್ಗೆ ನಾನು ಕೇಳಿದಾಗ ನಗುತ್ತ ಹೇಳಿದರು: “ನಂದೇನ ಕೆಲಸಾರೀ ಮಾಸ್ತರ್ರ. ಅವರು ಮಾಡೂದಕ್ಕ ಒಂದೀಟ ಕೈ ಹಚ್ಚತೇನಿ, ಅಷ್ಟ.”

ಬೆಳಿಗ್ಗೆಯಿಂದ ಸಂಜೆಯವರೆಗೆ, ಅಡಿಗೆ, ನೀರು, ಮಕ್ಕಳ ನಡುವೆ ಬಾಗಿ ಕುಳಿತು, ಕಣ್ಣು ಕಿರಿದು ಮಾಡಿ ಹೆಣೆಯುವ ಕೆಲಸಕ್ಕೆ ಆ ತಾಯಿ ಇಟ್ಟ ಹೆಸರು ‘ಕೈ ಹಚ್ಚುವುದು’. ವ್ಯಾಪಾರಿ ಬಂದಾಗ ಅವನು ಮಾತಾಡುವುದು ಗಂಡಸಿನೊಂದಿಗೆ, ಲೆಕ್ಕ ಬರೆಯುವುದು ಗಂಡಸಿನ ಹೆಸರಿನಲ್ಲಿ. ಮುಂಗಡ ಕೊಟ್ಟವನೇ ಬೆಲೆ ಕಟ್ಟುವವನೂ ಆದಾಗ ಆ ಬೆಲೆಯಲ್ಲಿ ಹೆಣಿಗೆಗೆ ಎಷ್ಟು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ.

ಕನ್ನಡನಾಡಿಗೆ ಇದು ಹೊಸ ಕಥೆಯಲ್ಲ. ಹನ್ನೆರಡನೆಯ ಶತಮಾನದ ಶರಣ ಹರಳಯ್ಯ ಬಸವಣ್ಣನವರಿಗೆಂದು ತನ್ನ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಆ ಜೋಡಿನ ಇನ್ನೊಂದು ಪಾದರಕ್ಷೆಗೆ ಚರ್ಮ ಕೊಟ್ಟವಳು ಅವನ ಹೆಂಡತಿ ಕಲ್ಯಾಣಮ್ಮ. ‘ಹರಳಯ್ಯನ ಚಮ್ಮಾವುಗೆ’ ಎಂದು ನಾವು ಹೇಳುತ್ತೇವೆ. ಅರ್ಧ ಭಾಗದ ಹೆಸರು ಬಾಯಿಗೆ ಬರುವುದಿಲ್ಲ.

ಒಗರಿನ ರಸಾಯನ

ಈಗ ನಮ್ಮ ಮಕ್ಕಳು ನೋಡಲು ಹೋಗಿದ್ದ ವಿಜ್ಞಾನಕ್ಕೆ ಬರೋಣ. ಹಸಿ ಚರ್ಮವನ್ನು ಹಾಗೆಯೇ ಬಿಟ್ಟರೆ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಚರ್ಮದಲ್ಲಿ ಇರುವುದು ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನು; ಅದು ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಊಟ. ಆ ಊಟವನ್ನು ತಿನ್ನಲಾಗದಂತೆ ಮಾಡುವುದೇ ಹದ ಮಾಡುವ ವಿದ್ಯೆ.

ಮೊದಲು ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಾರೆ. ಸುಣ್ಣದ ಕ್ಷಾರಕ್ಕೆ ಕೂದಲಿನ ಬೇರು ಸಡಿಲವಾಗುತ್ತದೆ, ಚರ್ಮದ ನಾರು ಉಬ್ಬಿ ಬಿಚ್ಚಿಕೊಳ್ಳುತ್ತದೆ. ಕೂದಲು, ಮಾಂಸ ಕೆರೆದು ತೊಳೆದ ಮೇಲೆ ಜಾಲಿ ಮರದ ತೊಗಟೆ ಮತ್ತು ಅಳಲೆಕಾಯಿಯ ಕಷಾಯದ ಸರದಿ. ಹಳೆಯ ಪದ್ಧತಿಯಲ್ಲಿ ಚರ್ಮವನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆ ಮತ್ತು ಕಷಾಯ ತುಂಬಿ ತೂಗು ಹಾಕುತ್ತಿದ್ದರು. ಒಳಗಿನ ರಸ ಚರ್ಮದ ಮೂಲಕ ಜಿನುಗಿ ಕೆಳಗಿನ ಪಾತ್ರೆಗೆ ಬೀಳುತ್ತದೆ; ಅದನ್ನೇ ಮತ್ತೆ ಮೇಲಿನಿಂದ ಸುರಿಯುತ್ತಾರೆ. ವಾರಗಟ್ಟಲೆ ನಡೆಯುವ ಕೆಲಸ. ಈಗ ಹದವಾದ ಚರ್ಮವನ್ನು ಕೊಂಡು ತರುವ ಕುಟುಂಬಗಳೇ ಹೆಚ್ಚಾದರೂ ಕೊಲ್ಹಾಪುರಿ ಚಪ್ಪಲಿಗೆ ಬೇಕಾದದ್ದು ಇಂಥ ಸಸ್ಯಮೂಲದ ಹದವೇ.

ತೊಗಟೆಯಲ್ಲಿ ಮತ್ತು ಅಳಲೆಕಾಯಿಯಲ್ಲಿ ಇರುವುದು ಟ್ಯಾನಿನ್. ಅದರ ಅಣುಗಳು ಕೊಲಾಜೆನ್ ನಾರುಗಳ ನಡುವೆ ಸೇರಿ, ಹಲವು ಕಡೆ ಕೈ ಚಾಚಿ, ನಾರನ್ನು ನಾರಿಗೆ ಕಟ್ಟುತ್ತವೆ. ಹಾಗೆ ಬಿಗಿದ ಚರ್ಮಕ್ಕೆ ಬ್ಯಾಕ್ಟೀರಿಯಾ ಬಾಯಿ ಹಾಕಲಾರದು. ಇದರ ರುಚಿ ನಮಗೆಲ್ಲ ಗೊತ್ತು. ಕಡು ಚಹಾ ಕುಡಿದಾಗ, ಅಡಿಕೆ ಅಗಿದಾಗ ನಾಲಗೆ ಒಗರಾಗುತ್ತದಲ್ಲ, ಅಲ್ಲಿ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಕಟ್ಟುತ್ತಿರುತ್ತದೆ. ಚರ್ಮದ ಹದವೂ ನಾಲಗೆಯ ಒಗರೂ ಒಂದೇ ರಸಾಯನ.

ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗವೊಂದಿದೆ. ಅಳಲೆಕಾಯಿಯನ್ನು ಜಜ್ಜಿ ನೀರಿನಲ್ಲಿ ನೆನೆಸಿ ಸೋಸಿ. ಅದರಲ್ಲಿ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ನೀರು ಕಪ್ಪಾಗುತ್ತದೆ. ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಶಾಯಿಯಾಗುತ್ತದೆ. ಹಳೆಯ ಕಾಲದ ಕಪ್ಪು ಶಾಯಿಯ ಗುಟ್ಟು ಇದೇ. ನಿಜವಾದ ಕೊಲ್ಹಾಪುರಿ ಚಪ್ಪಲಿಗೆ ಕಬ್ಬಿಣದ ಮೊಳೆ ಹೊಡೆಯುವುದಿಲ್ಲ. ಅಟ್ಟೆಯ ಪದರಗಳನ್ನು ಹಿಡಿದಿಡುವುದೂ ಚರ್ಮದ ಬಾರೇ.

ದೊಡ್ಡ ಕಾರ್ಖಾನೆಗಳು ಬಳಸುವ ಕ್ರೋಮಿಯಂ ಲವಣದ ಹದ ಬಹಳ ಬೇಗ ಮುಗಿಯುತ್ತದೆ, ಚರ್ಮ ಮೆತ್ತಗೂ ಆಗುತ್ತದೆ. ಆದರೆ ಆ ನೀರನ್ನು ಶುದ್ಧಮಾಡದೆ ಬಿಟ್ಟರೆ ಹಳ್ಳ, ಬಾವಿಗಳಿಗೆ ಅಪಾಯ. ತೊಗಟೆಯ ಹದ ನಿಧಾನದ್ದು; ಚಪ್ಪಲಿ ಮೊದಮೊದಲು ಗಟ್ಟಿ ಎನಿಸಿದರೂ ದಿನ ಕಳೆದಂತೆ ಹಾಕಿಕೊಂಡವರ ಪಾದದ ಆಕಾರವನ್ನೇ ಪಡೆಯುತ್ತದೆ. ಇಷ್ಟೆಲ್ಲ ವಿಜ್ಞಾನ ಗೊತ್ತಿರುವ ಕಸುಬನ್ನು ನಮ್ಮ ಸಮಾಜ ಕೀಳು ಎಂದು ಕರೆದು ಊರ ಅಂಚಿಗೆ ತಳ್ಳಿತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಪಠ್ಯಪುಸ್ತಕದಲ್ಲಿ ಅದಕ್ಕೆ ಸೂತ್ರವಿಲ್ಲ.

ಮಸಾಯಿ ತಾಯಂದಿರ ಮಣಿ

ಕೈಕೆಲಸ ಒಬ್ಬರದು, ಹೆಸರು ಮತ್ತೊಬ್ಬರದು ಎಂಬ ಕಷ್ಟ ಅಥಣಿಯೊಂದಕ್ಕೇ ಸೇರಿದ್ದಲ್ಲ. ಪೂರ್ವ ಆಫ್ರಿಕದ ಕೀನ್ಯ ಮತ್ತು ಟಾಂಜಾನಿಯಾಗಳ ಹುಲ್ಲುಗಾವಲಿನಲ್ಲಿ ದನ ಕಾಯ್ದು ಬದುಕುವ ಮಸಾಯಿ ಜನರ ಬಗ್ಗೆ ಮಕ್ಕಳು ಭೂಗೋಳದಲ್ಲಿ ಓದುತ್ತಾರೆ. ಅಗಲವಾದ ಮಣಿಯ ಕೊರಳಪಟ್ಟಿ ತೊಟ್ಟ ಅವರ ಚಿತ್ರ ಎಲ್ಲರಿಗೂ ಪರಿಚಿತ. ಆ ಮಣಿಯ ಕೆಲಸ ಪೂರ್ತಿ ಹೆಂಗಸರದು. ಮೊದಲು ಬೀಜ, ಎಲುಬು, ಮಣ್ಣು, ಲೋಹಗಳಿಂದ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಗಾಜಿನ ಮಣಿ ಬಂದ ಮೇಲೆ ಅದನ್ನೇ ತಮ್ಮದನ್ನಾಗಿ ಮಾಡಿಕೊಂಡರು. ಪ್ರತಿ ಬಣ್ಣಕ್ಕೂ ಅರ್ಥವಿದೆ: ಬಿಳಿ ಹಾಲಿನದು, ನೀಲಿ ಆಕಾಶ ಮತ್ತು ಮಳೆಯದು, ಹಸಿರು ಹುಲ್ಲಿನದು, ಕೆಂಪು ರಕ್ತ ಮತ್ತು ಧೈರ್ಯದ್ದು.

ಮಸಾಯಿ ಎಂಬ ಹೆಸರು ಜಗತ್ತಿನಾದ್ಯಂತ ಬಿಕರಿಯಾಯಿತು. 1996ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಒಂದು ಬೂಟಿನ ಹೆಸರೇ ‘ಮಸಾಯಿ ಬೇರ್‌ಫೂಟ್ ಟೆಕ್ನಾಲಜಿ’. ಮುಂದೆ ಮಸಾಯಿ ಹಿರಿಯರೇ ಸೇರಿ, ನಮ್ಮ ಹೆಸರು ಬಳಸುವವರು ನಮ್ಮನ್ನು ಕೇಳಿ ಬಳಸಲಿ, ನಮ್ಮ ಪಾಲು ಕೊಡಲಿ ಎಂಬ ಪ್ರಯತ್ನವನ್ನು ಆರಂಭಿಸಿದರು. ಅಲ್ಲಿನ ಹೆಂಗಸರು ಗುಂಪು ಕಟ್ಟಿಕೊಂಡು, ದಲ್ಲಾಳಿಯನ್ನು ಬಿಟ್ಟು ನೇರವಾಗಿ ಮಣಿಯ ಕೆಲಸ ಮಾರಿ, ಬಂದ ಹಣವನ್ನು ಮಕ್ಕಳ ಶಾಲೆಗೆ, ಕುಡಿಯುವ ನೀರಿಗೆ ಬಳಸುವುದನ್ನು ಕಲಿತರು. ಅವರಿಗೆ ಬೇಕಾಗಿದ್ದು ಪ್ರವಾಸಿಗರ ಕನಿಕರವಲ್ಲ, ಕೆಲಸದ ಲೆಕ್ಕ.

ಲೆಕ್ಕಕ್ಕೆ ಬಂದ ಹೆಂಗಸರು

ಅಥಣಿಯಲ್ಲಿಯೂ ಇಂಥದೊಂದು ಪ್ರಯತ್ನ 1990ರ ದಶಕದ ಕೊನೆಯಲ್ಲಿ ನಡೆಯಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನ ಚರ್ಮೋದ್ಯಮ ಯೋಜನೆಯ ಬೆನ್ನಿಗೆ, ಬೆಂಗಳೂರಿನ ‘ಅಸೆಂಟ್’ ಸಂಸ್ಥೆಯ ಮಧುರಾ ಛತ್ರಪತಿ ಮತ್ತು ಅವರ ಸಂಗಡಿಗರು ಇಲ್ಲಿಯ ಕುಟುಂಬಗಳೊಂದಿಗೆ ಸೇರಿ ‘ಟೋಹೋಲ್ಡ್’ ಎಂಬ ಕುಶಲಕರ್ಮಿಗಳ ಕೂಟ ಕಟ್ಟಿದರು. ಹೆಂಗಸರ ಸ್ವಸಹಾಯ ಗುಂಪುಗಳೇ ಅದರ ಬುನಾದಿ. ಅಳತೆಯ ಶಿಸ್ತು, ಹೊಸ ಬಣ್ಣ, ಹೊಸ ವಿನ್ಯಾಸ, ಕಾಲು ಕಚ್ಚದ ಅಂಚು, ಮೆತ್ತನೆಯ ಅಟ್ಟೆ ಇವುಗಳ ತರಬೇತಿ ನಡೆಯಿತು. ಅಥಣಿಯ ಚಪ್ಪಲಿ ತನ್ನದೇ ಹೆಸರಿನಲ್ಲಿ ಹೊರದೇಶಗಳಿಗೆ ಹೋಯಿತು.

ವಿನ್ಯಾಸಕ್ಕಿಂತ ದೊಡ್ಡ ಬದಲಾವಣೆ ಬೇರೆ ಇತ್ತು. ‘ಕೈ ಹಚ್ಚುವವಳು’ ಎನಿಸಿಕೊಂಡಿದ್ದವಳು ಗುಂಪಿನ ಸದಸ್ಯೆಯಾದಳು, ಸಹಿ ಹಾಕಿದಳು, ಉಳಿತಾಯದ ಪುಸ್ತಕದಲ್ಲಿ ತನ್ನ ಹೆಸರು ನೋಡಿದಳು. ಒಂದು ಮನೆಯ ಹಣದ ಪೆಟ್ಟಿಗೆಯ ಕೀಲಿಕೈ ಯಾರ ಸೆರಗಿನಲ್ಲಿದೆ ಎಂಬುದರ ಮೇಲೆ ಮಗಳು ಶಾಲೆಯಲ್ಲಿ ಎಷ್ಟು ವರ್ಷ ಉಳಿಯುತ್ತಾಳೆ ಎಂಬುದು ನಿಂತಿರುತ್ತದೆ. ಇದನ್ನು ಮೂವತ್ತು ವರ್ಷ ಹಾಜರಿ ಪುಸ್ತಕ ನೋಡಿದ ಯಾವ ಮಾಸ್ತರನೂ ಹೇಳಬಲ್ಲ.

ಎರಡನೆಯ ಹೆಜ್ಜೆ ಕಾನೂನಿನದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ದೊರೆಯಿತು. ಹೆಸರು ಕೊಲ್ಹಾಪುರದ್ದಾದರೂ ಹಕ್ಕು ಎಂಟು ಜಿಲ್ಲೆಗಳದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್ ಎರಡೂ ಇದರ ನೋಂದಾಯಿತ ಒಡೆತನದ ಸಂಸ್ಥೆಗಳು. ಈ ಎಂಟು ಜಿಲ್ಲೆಗಳ ಹೊರಗೆ ಮಾಡಿದ್ದನ್ನು, ರೆಕ್ಸಿನ್ನಿನ ನಕಲನ್ನು, ಕೊಲ್ಹಾಪುರಿ ಎಂದು ಮಾರುವಂತಿಲ್ಲ.

ಹೆಸರಿನ ಬೆಲೆ ಏನೆಂದು ತಿಳಿಯಲು 2025ರ ಜೂನ್ ತಿಂಗಳನ್ನು ನೆನೆಯಬೇಕು. ಇಟಲಿಯ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿಯ ರೂಪದರ್ಶಿಗಳು ನೋಡಲು ನಮ್ಮ ಚಪ್ಪಲಿಯಂತೆಯೇ ಇದ್ದ ಪಾದರಕ್ಷೆ ತೊಟ್ಟು ನಡೆದರು. ಭಾರತದ ಹೆಸರು ಅಲ್ಲಿರಲಿಲ್ಲ. ಇಲ್ಲಿ ಕೂಗೆದ್ದ ಮೇಲೆ, ಇದಕ್ಕೆ ಸ್ಫೂರ್ತಿ ಭಾರತದ ಸಾಂಪ್ರದಾಯಿಕ ಚಪ್ಪಲಿ ಎಂದು ಕಂಪನಿ ಒಪ್ಪಿಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಲಿಡ್ಕಾಮ್ ಮತ್ತು ಲಿಡ್ಕರ್‌ಗಳೊಂದಿಗೆ ಒಪ್ಪಂದವಾಯಿತು. ಎರಡೂ ರಾಜ್ಯಗಳ ಕುಶಲಕರ್ಮಿಗಳಿಂದ ಸುಮಾರು 2,000 ಜೋಡಿ ಮಾಡಿಸಿ, ಜೋಡಿಗೆ ಸುಮಾರು 800 ಯೂರೋ ಬೆಲೆಯಲ್ಲಿ ಮಾರುವುದಾಗಿ ಕಂಪನಿ ಪ್ರಕಟಿಸಿತು. ನಮ್ಮ ಲೆಕ್ಕದಲ್ಲಿ ಅದು ಎಂಬತ್ತು ಸಾವಿರ ರೂಪಾಯಿಗೂ ಹೆಚ್ಚು. ಅದೇ ಕೈಗಳ ಕೆಲಸಕ್ಕೆ ನಾವು ಸಂತೆಯಲ್ಲಿ ಕೆಲವು ನೂರು ರೂಪಾಯಿಯಿಂದ ಇನ್ನೂ ಐವತ್ತು ಇಳಿಸು ಎಂದು ಚೌಕಾಶಿ ಮಾಡುತ್ತೇವೆ.

ಹಾಗೆಂದು ಎಲ್ಲ ತಪ್ಪನ್ನೂ ಮಿಲಾನಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ದೂರದ ಕಂಪನಿ ಊರಿನ ಹೆಸರು ಬಿಟ್ಟಿತೆಂದು ಸಿಟ್ಟಾದ ನಾವು, ಓಣಿಯೊಳಗೆ ಹೆಣ್ಣಿನ ಹೆಸರು ಬಿಟ್ಟುಹೋದದ್ದನ್ನು ಎಷ್ಟು ಕಾಲದಿಂದ ನೋಡುತ್ತ ಬಂದಿದ್ದೇವೆ?

ಒಂದು ಖಾನೆ, ಒಂದು ಹೆಸರು

ಶಾಲೆಯ ದಾಖಲಾತಿ ಅರ್ಜಿಯಲ್ಲಿ ತಂದೆಯ ಉದ್ಯೋಗ, ತಾಯಿಯ ಉದ್ಯೋಗ ಎಂಬ ಎರಡು ಖಾನೆಗಳಿರುತ್ತವೆ. ಇಂಥ ಮನೆಗಳಿಂದ ಬರುವ ಮಕ್ಕಳ ಅರ್ಜಿಯಲ್ಲಿ ತಂದೆಯ ಮುಂದೆ ‘ಚಪ್ಪಲಿ ತಯಾರಿಕೆ’ ಎಂದಿರುತ್ತದೆ, ಕೆಲವೊಮ್ಮೆ ನಾಚಿಕೆಯಿಂದ ‘ಕೂಲಿ’ ಎಂದೂ ಇರುತ್ತದೆ. ತಾಯಿಯ ಮುಂದೆ ಮಾತ್ರ ಯಾವಾಗಲೂ ‘ಮನೆಗೆಲಸ’. ಮರಳುವ ಬಸ್ಸಿನಲ್ಲಿ ಮಕ್ಕಳ ಚರ್ಚೆ ಇದರ ಬಗ್ಗೆಯೇ ನಡೆಯಿತು. ಆ ದಿನ ನೋಡಿದ ಕೆಲಸಗಳನ್ನು ಅವರು ಪಟ್ಟಿ ಮಾಡಿದ್ದರು: ಎಳೆ ಸೀಳುವುದು, ಹೆಣೆಯುವುದು, ತೂತಿನ ಚಿತ್ತಾರ, ಕಿವಿ, ಉಂಗುಟ, ಕೊನೆಗೆ ಎಣ್ಣೆ ಹಚ್ಚುವುದು. ಪ್ರತಿಯೊಂದರ ಮುಂದೆ ಮಾಡಿದವರು ಯಾರೆಂದು ಬರೆದಿದ್ದರು. ಪಟ್ಟಿಯ ಹೆಚ್ಚಿನ ಸಾಲುಗಳ ಮುಂದೆ ‘ತಾಯಿ’ ಎಂದಿತ್ತು. ಚಪ್ಪಲಿ ಮಾಡುವ ಮನೆಯಿಂದಲೇ ಬಂದ, ತರಗತಿಯಲ್ಲಿ ಆ ಮಾತು ತೆಗೆಯದ ಹುಡುಗಿಯೊಬ್ಬಳು ಅಂದು ಮೊದಲ ಸಲ ಎಲ್ಲರೆದುರು ನಾಲ್ಕೆಳೆಯ ಹೆಣಿಗೆ ಹೇಗೆಂದು ಹುರಿಯಲ್ಲಿ ಹೆಣೆದು ತೋರಿಸಿದಳು. ಉಳಿದವರ ಬೆರಳುಗಳು ಸಿಕ್ಕಿಹಾಕಿಕೊಂಡವು. ಅವಳ ಬೆರಳು ನಿಲ್ಲಲಿಲ್ಲ.

ಹಾಗಾದರೆ ಈ ಕಸುಬಿಗೆ ನಾವು ಹೇಗೆ ನೆರವಾಗಬಹುದು? ಕಾಣಿಕೆ ಡಬ್ಬಿ ಬೇಡ. ಚಪ್ಪಲಿ ಬೇಕಾದರೆ ಮಾಡುವವರಿಂದಲೇ, ಇಲ್ಲವೇ ಲಿಡ್ಕರ್ ಮಳಿಗೆಯಿಂದ ಕೊಳ್ಳೋಣ. ಮೊಳೆ ಇದೆಯೇ, ರೆಕ್ಸಿನ್ ಇದೆಯೇ, ಎಲ್ಲಿ ಮಾಡಿದ್ದು ಎಂದು ಕೇಳೋಣ. ಹೆಣಿಗೆ ಕಂಡು ಮೆಚ್ಚಿದರೆ ಚೌಕಾಶಿ ಬಿಡೋಣ. ಇನ್ನೊಂದು ಕೆಲಸ ಶಾಲೆ ಮತ್ತು ಪಂಚಾಯಿತಿಗಳು ಮಾಡಬೇಕಾದದ್ದು. ಜಿಐ ಕಾನೂನಿನಲ್ಲಿ ನಿಗಮಗಳ ಹೆಸರಲ್ಲದೆ ತಯಾರಿಸುವ ವ್ಯಕ್ತಿಗಳೂ ‘ಅಧಿಕೃತ ಬಳಕೆದಾರ’ರೆಂದು ತಮ್ಮ ಹೆಸರು ನೋಂದಾಯಿಸಿಕೊಳ್ಳಲು ಅವಕಾಶವಿದೆ. ಆ ಅರ್ಜಿ ತುಂಬಲು ಓದು ಬರಹ ಬಲ್ಲ ಕೈ ಬೇಕು. ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ಅದು ಬರುತ್ತದೆ. ಅರ್ಜಿ ತುಂಬುವಾಗ ಮನೆಯ ಯಜಮಾನನ ಹೆಸರಿನೊಂದಿಗೆ ತಾಯಿಯ ಹೆಸರಿನಲ್ಲಿಯೂ ಒಂದು ಅರ್ಜಿ ಇರಲಿ.

ಮಕ್ಕಳು ಇದೇ ಕಸುಬಿನಲ್ಲಿ ಉಳಿಯಬೇಕೆಂದು ಯಾರೂ ಹಟ ಹಿಡಿಯಬೇಕಾಗಿಲ್ಲ. ಆ ಹುಡುಗಿ ನಾಳೆ ಚರ್ಮ ತಂತ್ರಜ್ಞಾನ ಓದಬಹುದು, ವಿನ್ಯಾಸ ಕಲಿಯಬಹುದು, ಡಾಕ್ಟರಾಗಬಹುದು. ಉಳಿದರೆ ಗೌರವದಿಂದ ಉಳಿಯಲಿ, ಬಿಟ್ಟರೆ ನಾಚಿಕೆಯಿಂದ ಬಿಡದಿರಲಿ. ಅದಕ್ಕೆ ಮೊದಲ ಹೆಜ್ಜೆಯಾಗಿ ಪಾಲಕರಲ್ಲಿ ಒಂದು ಬಿನ್ನಹ: ಮುಂದಿನ ಜೂನ್ ತಿಂಗಳಲ್ಲಿ ದಾಖಲಾತಿ ಅರ್ಜಿ ಬರೆಯುವಾಗ ಆ ಎರಡನೆಯ ಖಾನೆಯ ಮುಂದೆ ಸ್ವಲ್ಪ ನಿಲ್ಲಿರಿ. ಹೆಣೆಯುವ ತಾಯಿಯ ಮುಂದೆ ‘ಚರ್ಮ ಕುಶಲಕರ್ಮಿ’ ಎಂದು ಬರೆಯಿರಿ. ಅಕ್ಷರ ಸ್ವಲ್ಪ ಉದ್ದವಾದರೂ ಖಾನೆಯಲ್ಲಿ ಜಾಗವಿದೆ.